ಜಡೆ ಕೋಲಾಟದ ನೀಲಿ ಹಗ್ಗ

ನಾನು ಒಂದು ಹಗ್ಗ. ಮಳವಳ್ಳಿ ಕಡೆಯ ಒಂದು ಊರಿನ ಜಡೆ ಕೋಲಾಟಕ್ಕೆಂದು ಹತ್ತಿಯ ನೂಲಿನಿಂದ ನನ್ನನ್ನು ಹೊಸೆದು ನೀಲಿ ಬಣ್ಣದಲ್ಲಿ ಅದ್ದಿದರು. ನನ್ನ ಜೊತೆ ಹುಟ್ಟಿದ ಹಗ್ಗಗಳು ಇನ್ನೂ ಏಳು. ನಮ್ಮ ತಲೆಗಳನ್ನು ಒಟ್ಟಿಗೆ ಸೇರಿಸಿ ರಾಮಮಂದಿರದ ತೊಲೆಗೆ ಕಟ್ಟಿದರು. ಕೆಳಗಿನ ತುದಿಗಳನ್ನು ಹೆಂಗಸರು ಎಡಗೈಯಲ್ಲಿ ಹಿಡಿಯುತ್ತಿದ್ದರು, ಬಲಗೈಯಲ್ಲಿ ಕೋಲು. ಎದುರಾದ ಜೋಡಿಯ ಕೋಲಿಗೆ ಕೋಲು ಕೊಟ್ಟು, ಒಬ್ಬರು ಒಳಗೆ, ಒಬ್ಬರು ಹೊರಗೆ ಸುತ್ತಿದರೆ ನಾವು ಜಡೆಯಾಗುತ್ತೇವೆ. ಅದೇ ಹೆಜ್ಜೆಗಳನ್ನು ಹಿಂದಕ್ಕೆ ಹಾಕಿದರೆ ಬಿಚ್ಚಿಕೊಳ್ಳುತ್ತೇವೆ. ಕುಣಿದು ಹೆಣೆದದ್ದನ್ನು ಕುಣಿದೇ ಬಿಚ್ಚಬೇಕು, ಕೈ ಹಾಕಬಾರದು. ಅದು ಮೇಳದ ನೇಮ.

ನನ್ನನ್ನು ಮೊದಲು ಹಿಡಿದವಳು ಪುಟ್ಟಗೌರಿ. ಅವಳ ಜೋಡಿ ಕೆಂಪು ಹಗ್ಗದ ಹೊಂಬಮ್ಮ. ಇಬ್ಬರೂ ವಾರಗಿತ್ತಿಯರು. ಒಲೆ ಮುಂದೆ ಜಗಳವಾಡಿ ಬಂದ ದಿನವೂ ಅವರ ಹೆಜ್ಜೆ ತಪ್ಪುತ್ತಿರಲಿಲ್ಲ.

"ನಿನ್ ಮೂತಿ ನೋಡಾದ್ಕಿಂತ ಕೋಲು ನೋಡಾದೇ ವಾಸಿ ಕಣಕ್ಕ," ಎನ್ನುತ್ತಿದ್ದಳು ಪುಟ್ಟಗೌರಿ.

ಆಮೇಲೆ ಪುಟ್ಟಗೌರಿ ಜ್ವರ ಬಂದು ತೀರಿಕೊಂಡಳು. ಬಹಳ ದಿನ ಯಾರೂ ನನ್ನನ್ನು ಮುಟ್ಟಲಿಲ್ಲ. ಮತ್ತೆ ಅಭ್ಯಾಸ ಶುರುವಾದಾಗ ಹೊಂಬಮ್ಮ ಕೆಂಪನ್ನು ಬಿಟ್ಟು ನನ್ನನ್ನು ಹಿಡಿದಳು. ಏಕೆಂದು ಯಾರೂ ಕೇಳಲಿಲ್ಲ. ಅವಳ ಕೈ ಬೆಚ್ಚಗಿತ್ತು, ಆದರೆ ಮನಸ್ಸು ಆ ಕೈಯಲ್ಲಿರಲಿಲ್ಲ. ಕೆಂಪು ಹಗ್ಗ ಪಕ್ಕದ ಬೀದಿಯ ಲೋಲಾಕ್ಷಿಗೆ ಹೋಯಿತು. ದಿನವೂ ಹೊಂಬಮ್ಮನ ಹೆಜ್ಜೆ ತಪ್ಪುತ್ತಿತ್ತು.

ಮೇಳದ ಹಿರಿಯಳು ಸಾಕಮ್ಮ ನೋಡುವಷ್ಟು ದಿನ ನೋಡಿದಳು. "ಹೊಂಬಿ, ಗೌರಿಹಬ್ಬಕ್ಕೆ ಪ್ಯಾಟೇಲಿ ಆಟ ಅದೆ. ಇನ್ನೊಂದ್ ಸಲ ತಪ್ಪುದ್ರೆ ಹಗ್ಗ ಬ್ಯಾರೆಯೋರ್ಗೆ ಕೊಡ್ತೀನಿ. ಬೇಜಾರ್ ಮಾಡ್ಕಬ್ಯಾಡ ಕಣವ್ವ."

ಹೊಂಬಮ್ಮ ತಲೆಯಾಡಿಸಿದಳು. ಅವಳು ಮನೆಯ ಹೊಸ್ತಿಲು ದಾಟುತ್ತಿದ್ದುದು ನನ್ನನ್ನು ಹಿಡಿಯುವುದಕ್ಕೆ ಮಾತ್ರ. ಅದೂ ತಪ್ಪಿದರೆ ಇವಳು ಏನಾಗುತ್ತಾಳೆ ಎಂದು ನನಗೆ ದಿಗಿಲಾಯಿತು. ಅವಳಿಗೆ ಏನನ್ನಿಸಿತೋ ತಿಳಿಯದು.

ಅಂದೇ ಹೆಜ್ಜೆ ತಪ್ಪಿತು. ಜಡೆ ಅರ್ಧಕ್ಕೆ ಬಂದಿತ್ತು. ಹೊರಸುತ್ತು ಹೋಗಬೇಕಾದ ಹೊಂಬಮ್ಮ ನಿಂತೇಬಿಟ್ಟಳು. ಎದುರು ಬರುತ್ತಿದ್ದ ಲೋಲಾಕ್ಷಿ ಡಿಕ್ಕಿ ಹೊಡೆಯದಿರಲೆಂದು ಬಗ್ಗಿ ನನ್ನ ಕೆಳಗೆ ನುಸುಳಿದಳು. ಅವಳ ಹಿಂದಿನವರೂ ಬಗ್ಗಿದರು. ಹಾಡುತ್ತಿದ್ದ ಪದ ನಿಲ್ಲಲಿಲ್ಲ. ಹೊಂಬಮ್ಮ ಮತ್ತೆ ನಡೆದಳು. ಆದರೆ ಪ್ರತಿ ಸುತ್ತಿನಲ್ಲೂ ಅದೇ ಜಾಗದಲ್ಲಿ ನಿಂತಳು, ಲೋಲಾಕ್ಷಿ ಅಲ್ಲೇ ಬಗ್ಗಿದಳು.

ಪದ ಮುಗಿದ ಮೇಲೆ ಎಲ್ಲರೂ ತಲೆಯೆತ್ತಿದರು. ಯಾರೂ ಕಂಡಿರದ ಹೆಣಿಗೆ, ಸಾಲಾಗಿ ಸಣ್ಣ ಕಣ್ಣುಗಳಂತೆ.

"ಇದ್ಯಾವ ಸೀಮೆ ಜಡೆ ಕಣಮ್ಮಿ! ಚೆಂದಾಗದೆ. ಬಿಚ್ಚಾದು ಹೆಂಗೆ?" ಎಂದಳು ಸಾಕಮ್ಮ.

ಮಾಮೂಲಿ ಹೆಜ್ಜೆಯನ್ನೇ ಹಿಂದಕ್ಕೆ ಹಾಕಿ ನೋಡಿದರು. ನಾವು ಇನ್ನಷ್ಟು ಬಿಗಿದುಕೊಂಡೆವು. "ಕುಯ್ಯಾಕೆ ಕುಡ್ಲು ತರ್ಲಾ?" ಎಂದು ಯಾರೋ ನಕ್ಕರು.

"ಅಕ್ಕ, ಎಲ್ ನಿಂತ್ಕಂಡೆ?" ಎಂದು ಲೋಲಾಕ್ಷಿ ಕೇಳಿದಳು.

"ಗೊತ್ತಿಲ್ಲ."

"ಆಗ ಏನ್ ಗ್ಯಾನ ಬಂತು?"

"ಏನೂ ಇಲ್ಲ ಕಣೆ. ಏನೂ ಇರ್ನಿಲ್ಲ."

"ಸರಿ, ಈಗ್ಲೂ ಏನೂ ಇಲ್ದಂಗೆ ನಡಿ. ನಾನ್ ನೋಡ್ಕತೀನಿ."

ಹೊಂಬಮ್ಮ ಹಿಂದಕ್ಕೆ ಹೆಜ್ಜೆ ಹಾಕಿದಳು. ಒಂದು ಕಂಬದ ಬಳಿ ಕಾಲು ತಾನಾಗಿ ನಿಂತಿತು. ಆಗ ನನಗೆ ತಿಳಿಯಿತು. ಪುಟ್ಟಗೌರಿ ಪ್ರತಿ ಸುತ್ತಿನಲ್ಲೂ ಅವಳಿಗೆ ಎದುರಾಗುತ್ತಿದ್ದದ್ದು ಅಲ್ಲೇ. ಲೋಲಾಕ್ಷಿ ಬಗ್ಗಿ ಹಿಂದಕ್ಕೆ ನುಸುಳಿದಳು. ಹೆಣಿಗೆಯ ಒಂದು ಕಣ್ಣು ಬಿಚ್ಚಿಕೊಂಡಿತು. ಹೀಗೆಯೇ ಒಂದೊಂದಾಗಿ ಎಲ್ಲವೂ.

"ತಪ್ಪು ಅಂದ್ನಲ್ಲ, ಅದ ಬಿಡು," ಎಂದಳು ಸಾಕಮ್ಮ. "ಪ್ಯಾಟೇಲಿ ಇದ್ನೇ ಆಡಣ. ಹಗ್ಗ ನಿನ್ ತಾವೇ ಇರ್ಲಿ ಹೊಂಬಿ."

ಪೇಟೆಯಲ್ಲಿ ಜನ ಚಪ್ಪಾಳೆ ತಟ್ಟಿದರು. ಹೊಂಬಮ್ಮ ನಗಲಿಲ್ಲ. ಆದರೆ ಮಾರನೆಯ ದಿನವೂ ಅಭ್ಯಾಸಕ್ಕೆ ಬಂದಳು.

ಈಗ ನೈಲಾನ್ ಹಗ್ಗಗಳು ಬಂದಿವೆ. ಬಣ್ಣ ಹೋಗಿ, ಎಳೆ ಬಿಟ್ಟು ನಾನು ರಾಮಮಂದಿರದ ಮೂಲೆಯ ಮೊಳೆಯಲ್ಲಿ ತೂಗುತ್ತಿದ್ದೇನೆ. ನನಗೆ ಬೇಸರವಿಲ್ಲ. ಹಗ್ಗ ಸವೆಯುತ್ತದೆ, ಹೆಜ್ಜೆ ಮತ್ತೊಬ್ಬರ ಕಾಲಿಗೆ ಹೋಗುತ್ತದೆ. ಆ ನಿಲುಗಡೆಯನ್ನು ಈಗ ಹೊಂಬಮ್ಮನೇ ಹೊಸಬರಿಗೆ ಕಲಿಸುತ್ತಾಳೆ. ಮೊನ್ನೆ ಲೋಲಾಕ್ಷಿಯ ಸೊಸೆ ಕೇಳಿದಳು, "ದೊಡ್ಡಮ್ಮ, ಅಲ್ ನಿಂತಾಗ ಏನ್ ನೆನಿಸ್ಕಬೇಕು?"

"ಏನೂ ಬ್ಯಾಡ ಕಣ್ ಮಗ. ಸುಮ್ಕೆ ನಿಂತ್ಕೊ. ಎದುರ್ಗಿರೋಳು ಬಗ್ಗಿ ದಾಟ್ಕತಾಳೆ."