ಮೇಲಿನಿಂದ ಕಂಡ ಕೊಲ್ಲಿ

ಆಗಸ್ಟಿನಲ್ಲಿ ಗ್ರೀನ್‌ಲ್ಯಾಂಡಿನ ಉತ್ತರ ತುದಿಯ ನಮ್ಮ ಊರಿಗೆ ಪ್ರವಾಸಿಗಳ ಹಡಗು ಬಂತು. ಅವರ ಭಾಷೆ ಬರುತ್ತದೆಂದು ಊರವರು ನನ್ನನ್ನೇ ಎದುರುಗೊಳ್ಳಲು ಕಳಿಸಿದ್ದರು; ದೋಣಿಯಲ್ಲಿ ಹೋಗಿ ಹಡಗು ಹತ್ತಿದ್ದೆ. ಹಡಗು ಕೊಲ್ಲಿಯ ಬಾಯಿಗೆ ಬರುತ್ತಿದ್ದಂತೆ ಕಯಾಕ್ ಎಂಬ ಸಣ್ಣ ದೋಣಿಯಲ್ಲಿ ಬೇಟೆಗೆ ಕಾದಿದ್ದ ನನ್ನ ಸೋದರಮಾವ ಇನುಟೆಕ್ ರೇಡಿಯೊದಲ್ಲಿ ರೇಗಿದ.

“ಅವಿಯಾಕ್! ಆ ನಿನ್ನ ತೇಲೋ ಊರನ್ನ ಅಲ್ಲೇ ನಿಲ್ಸೇ! ಕೊಂಬಿನ ತಿಮಿಂಗಿಲಗಳು ಬರ್ತಾ ಇವೆ. ಆ ಇಂಜಿನ್ ಸದ್ದು ನಿಮ್ಮತ್ತೆ ಗೊರಕೆಗಿಂತ ಜೋರಾಗಿದೆ!”

ಇಂಜಿನ್ ಸದ್ದಿಗೆ ಹೆದರಿ ಅವು ಹಿಂದಿರುಗಿದರೆ ನಮ್ಮ ಚಳಿಗಾಲದ ಊಟವೂ ಅವುಗಳ ಜೊತೆಗೇ ಹೋದಂತೆ. ನಾರ್ವೆಯ ಹೆಂಗಸು ಸುನ್ನೀವಾ ಆ ಹಡಗಿನ ಕ್ಯಾಪ್ಟನ್. ವಿಷಯ ತಿಳಿಸಿದೆ. ಆಕೆ ಎಡಗಡೆ ತೇಲುತ್ತಿದ್ದ ಹಿಮಬಂಡೆಯನ್ನು ನೋಡಿದಳು.

“ಇಂಜಿನ್ ಆರಿಸಿದ್ರೆ ನೀರಿನ ಸೆಳೆತ ನಮ್ಮನ್ನ ಅದರ ಹತ್ರಾನೇ ಒಯ್ಯುತ್ತೆ. ಎಷ್ಟು ಹೊತ್ತು ಬೇಕು?”

“ಅವು ದಾಟೋವರೆಗೂ.”

“ಅಂದ್ರೆ ಎಷ್ಟು ಹೊತ್ತು?”

“ಅವನ್ನೇ ಕೇಳ್ಬೇಕು, ಕ್ಯಾಪ್ಟನ್.”

ಆಕೆ ಮತ್ತೊಮ್ಮೆ ಹಿಮಬಂಡೆಯತ್ತ ನೋಡಿ, ಇಂಜಿನ್ ಆರಿಸಲು ಹೇಳಿದಳು.

ಕಟಕಟೆಗೆ ಒರಗಿದ್ದ ಪ್ರವಾಸಿಗಳ ಮಾತೂ ನಿಂತಿತು. ಮೊದಲು ಕೇಳಿದ್ದು ಉಸಿರು. ಒಂದು, ಆಮೇಲೆ ಇನ್ನೊಂದು, ಆಮೇಲೆ ಇಡೀ ಕೊಲ್ಲಿಯೇ ಉಸಿರಾಡತೊಡಗಿತು. ನಾನು ಹಲ್ಲು ಬಂದಾಗಿನಿಂದ ಆ ಮಾಂಸ ತಿಂದು ಬೆಳೆದವಳು. ಕಯಾಕ್‌ನಲ್ಲಿ ಕೂತಾಗ ಒಂದು ಬೆನ್ನು, ಒಂದು ಕೊಂಬು ಕಾಣುತ್ತದೆ, ಅಷ್ಟೇ. ಮೇಲಿನಿಂದ ನೋಡಿದ್ದು ಅದೇ ಮೊದಲು. ತಿಳಿನೀರಿನಲ್ಲಿ ಸಾಲಿನ ಕೆಳಗೆ ಸಾಲು, ಅದರ ಕೆಳಗೆ ಮತ್ತೂ ಸಾಲು. ತಾಯಂದಿರ ಪಕ್ಕೆಗೆ ಅಂಟಿಕೊಂಡ ಬೂದು ಮರಿಗಳು. ಹಡಗಿನ ಅಡಿಯಲ್ಲೂ ಅವೇ. ನಾನು ಕಟಕಟೆಯಾಚೆಗೆ ಇನ್ನಷ್ಟು ಬಾಗಿದೆ.

ಅವುಗಳ ನಡುವೆ ಮಾವನ ಕಯಾಕ್ ಒಂದು ಎಲುಬಿನ ಚೂರಿನಷ್ಟಿತ್ತು. ಅವನ ತೋಳು ಮೇಲೆದ್ದಿತು, ಈಟಿ ಹಾರಿತು. ನೀರು ಕೆಂಪಾದಾಗ ಯಾರೋ ಮುಖ ತಿರುಗಿಸಿಕೊಂಡರು. ಉಳಿದ ಹಿಂಡು ಹಾಗೇ ಸಾಗಿತು.

ಅಷ್ಟರಲ್ಲಿ ಹಿಮಬಂಡೆ, ಅದರ ತಣ್ಣನೆ ಗಾಳಿ ಕೆನ್ನೆಗೆ ತಾಗುವಷ್ಟು ಹತ್ತಿರ ಬಂದಿತ್ತು. ಕೊನೆಯ ಬೆನ್ನು ಮುಳುಗಿದ ಮೇಲೆಯೇ ಸುನ್ನೀವಾ ಇಂಜಿನ್ ಚಾಲೂ ಮಾಡಿಸಿದಳು.

ದಡದಲ್ಲಿ ಮಾವ ಆಕೆಗೆ ತಿನ್ನಲು ತಿಮಿಂಗಿಲದ ಹಸಿ ತೊಗಲಿನ ದೊಡ್ಡ ತುಂಡನ್ನೇ ಕೊಯ್ದುಕೊಟ್ಟ. ಆಕೆ ಅಗಿದಳು, ಅಗಿದಳು, ಅಗಿಯುತ್ತಲೇ ಇದ್ದಳು.

“ನಿಧಾನಕ್ಕೆ ತಿನ್ನು ತಾಯಿ, ಹಿಮ ಬೀಳೋಕೆ ಇನ್ನೂ ಟೈಮಿದೆ,” ಅಂದ ಮಾವ. ಎಲ್ಲರೂ ನಕ್ಕರು.

ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದ. “ಮೇಲಿಂದ ಎಷ್ಟು ಕಂಡ್ವೇ?”

“ಎಣಿಸೋದೇ ಮರೆತ್‌ಹೋಯ್ತು ಮಾವ.”

ಬೈಯುತ್ತಾನೆಂದುಕೊಂಡೆ. ಅವನು ಕೊಲ್ಲಿಯತ್ತ ನೋಡುತ್ತಾ ಚಾಕು ಒರೆಸಿದ.

“ಅಷ್ಟೊಂದಾ?” ಅಂದ, ಬಹಳ ಮೆಲ್ಲಗೆ.