ಗಾಳಿ ಇಲ್ಲದ ದಿನದ ಅಡುಗೆ

"ಇನ್ನು ಐದು ನಿಮಿಷ, ಪ್ಲೀಸ್," ಎಂದ ರಸೆಲ್. ಶವಪೆಟ್ಟಿಗೆಯ ಮುಚ್ಚಳ ಎತ್ತಿದ್ದ ಇಬ್ಬರು ಅದನ್ನು ಮತ್ತೆ ಗೋಡೆಗೆ ಒರಗಿಸಿದರು.

ಒಳಗೆ ಅವನ ತಾಯಿ ಕ್ಲೋಟಿಲ್ಡಾ. ಮುಚ್ಚುವ ಮೊದಲು ಮಕ್ಕಳು ಹಣೆಗೆ ಮುತ್ತಿಡಬೇಕು. ಹಿರಿಯ ಮಗ ಆಲ್ರಾಯ್ ಇನ್ನೂ ಬಂದಿರಲಿಲ್ಲ. ಗಿಪ್ಸ್‌ಲ್ಯಾಂಡ್ ಕರಾವಳಿಯಾಚೆ, ಸಮುದ್ರದ ನಡುವಿನ ಗ್ಯಾಸ್ ಪ್ಲಾಟ್‌ಫಾರ್ಮಿನಲ್ಲಿ ಅವನ ಕೆಲಸ. ದಡಕ್ಕೆ ಬರಲು ಹೆಲಿಕಾಪ್ಟರ್ ಒಂದೇ ದಾರಿ. ತಾಯಿ ಸತ್ತು ಮೂರು ದಿನವಾದರೂ ಅದು ಹಾರಿರಲಿಲ್ಲ.

"ಗಾಳಿಯಂತೆ," ರಸೆಲ್ ಫೋನನ್ನು ಕಿಸೆಗೆ ತುರುಕಿದ. "ಅವನ ಗಾಳಿ ರಜೆ ನೋಡಿಯೇ ಬೀಸುದು ಮಾರಾಯ್ರೆ. ಈಗ ಮಮ್ಮಿ ಸತ್ತದ್ದನ್ನೂ ನೋಡಿ ಬೀಸ್ತಾ ಉಂಟು."

ಆ ಕರಾವಳಿಯಿಂದ ದೂರದ ಡ್ಯಾಂಡಿನಾಂಗ್ ಊರಿನ ಇಗರ್ಜಿಯ ಕಾರ್ ಪಾರ್ಕಿನಲ್ಲಿ ಮರಗಳು ಸುಮ್ಮನೆ ನಿಂತಿದ್ದವು.

"ಇವತ್ತು ಸುಳ್ಳಲ್ಲ," ಎಂದಳು ರಸೆಲ್‌ನ ಹೆಂಡತಿ ಕ್ಯಾರಲ್. "ಬೆಳಿಗ್ಗೆ ಮಮ್ಮಿಯ ಕಂಪ್ಯೂಟರಲ್ಲಿ ನಾನೇ ನೋಡಿದೆ. ಅಲ್ಲಿ ಗಾಳಿಯ ವೇಗ ಐವತ್ತು ನಾಟ್. ಬಿರುಗಾಳಿ ವಾರ್ನಿಂಗ್ ಹಾಕಿದ್ದಾರೆ."

"ನಿಂಗೆ ಯಾವಾಗಿಂದ ನಾಟ್ ಎಲ್ಲ ಗೊತ್ತಾಗ್ಲಿಕ್ಕೆ ಶುರುವಾದದ್ದು?"

"ಮಮ್ಮಿ ಹೇಳಿಕೊಟ್ಟದ್ದು."

ಪಾದ್ರಿ ಗಡಿಯಾರ ನೋಡಿದರು. ಮಧ್ಯಾಹ್ನ ಅಲ್ಲಿ ಇನ್ನೊಂದು ಸಾವಿನ ಪೂಜೆಯಿತ್ತು. ರಸೆಲ್‌ನ ತಂದೆ ವಿಲ್ಫಿ ಹೆಂಡತಿಯ ತಲೆಯ ಬಳಿ ನಿಂತಿದ್ದ.

"ಪಪ್ಪ, ಎಂತ ಮಾಡುದು?"

"ಅವಳು ಕಾದದ್ದು ಸಾಕು," ಎಂದ ವಿಲ್ಫಿ. "ಮುಚ್ಚಿ."

*

ಕ್ಲೋಟಿಲ್ಡಾಳಿಗೆ ಕಾರು ಓಡಿಸಲು ಬರುತ್ತಿರಲಿಲ್ಲ. ವಿಲ್ಫಿ ಗೋದಾಮಿನ ಕೆಲಸಕ್ಕೆ ಹೋದರೆ ಎರಡು ಕೋಣೆಯ ಆ ಮನೆಯಲ್ಲಿ ಅವಳೊಬ್ಬಳೇ. ರಸೆಲ್ ಬಿಟ್ಟುಹೋದ ಹಳೆಯ ಕಂಪ್ಯೂಟರಿನಲ್ಲಿ ಅವಳು ತೆರೆಯಲು ಕಲಿತದ್ದು ಒಂದೇ ಪುಟ: ತಾನು ಕಂಡೇ ಇರದ ಆ ಕರಾವಳಿಯ ಗಾಳಿಯ ಮುನ್ಸೂಚನೆ. ನಲವತ್ತು ನಾಟ್ ದಾಟಿದರೆ ಹೆಲಿಕಾಪ್ಟರ್ ಹಾರುವುದಿಲ್ಲ ಎಂದು ಆಲ್ರಾಯನೇ ಹೇಳಿದ್ದ. ಅವನ ರಜೆ ಶುರುವಾಗುವ ದಿನ ಗಾಳಿ ಕಡಿಮೆ ಎಂದು ಕಂಡರೆ ಅವಳು ಇಡ್ಲಿಯಂಥ ಸನ್ನಕ್ಕೆ ಅಕ್ಕಿ ನೆನೆಹಾಕುತ್ತಿದ್ದಳು, ಹಂದಿ ಮಾಂಸ ಬೇಯಿಸುತ್ತಿದ್ದಳು.

ಒಂದು ಸಲ ಪರದೆಯ ಮೇಲೆ ಹತ್ತು ನಾಟ್ ಇತ್ತು. ಸನ್ನ ಇನ್ನೂ ಹಬೆಯಲ್ಲಿತ್ತು. ಫೋನ್ ಬಂತು.

"ಮಮ್ಮಿ, ಇಲ್ಲಿ ಭಾರಿ ಗಾಳಿ. ಪ್ಲಾಟ್‌ಫಾರ್ಮಲ್ಲೇ ಸಿಕ್ಕಿಬಿದ್ದಿದ್ದೇನೆ."

ಅವನ ಹಿಂದೆ ಕಾರುಗಳ ಹಾರ್ನ್ ಕೇಳುತ್ತಿತ್ತು.

"ಹೌದಾ ಮಗಾ," ಎಂದಳು. "ಹೊರಗೆ ನಿಲ್ಬೇಡ. ಗಾಳಿ ನಿಂತ ಮೇಲೆ ಬಾ."

ಫೋನಿಟ್ಟು, ಮಾಡಿದ್ದನ್ನು ತುಂಬಿಡಲು ಖಾಲಿ ಐಸ್‌ಕ್ರೀಮ್ ಡಬ್ಬಿ ಹುಡುಕಿದಳು. ಸಂಜೆ ಕೇಳಿದ ವಿಲ್ಫಿಗೂ, "ಅಲ್ಲಿ ಗಾಳಿಯಂತೆ," ಎಂದಷ್ಟೇ ಹೇಳಿದಳು.

*

ಸಾವಿನ ಪೂಜೆಯ ದಿನ ಮಧ್ಯಾಹ್ನದ ಹೊತ್ತಿಗೆ ಸಮುದ್ರದ ಗಾಳಿ ಇಳಿಯಿತು. ಆಲ್ರಾಯ್ ಮನೆ ಮುಟ್ಟುವಾಗ ಮಣ್ಣು ಮಾಡಿ ಬಂದ ಜನ ಕಾಫಿ ಕುಡಿದು ಹೋಗಿದ್ದರು. ಅವನು ಬೂಟು ಬಿಚ್ಚದೆ ಬಾಗಿಲಲ್ಲೇ ನಿಂತ.

"ಪಪ್ಪ, ನಿಜವಾಗ್ಲೂ ಗಾಳಿ ಇತ್ತು."

"ಗೊತ್ತುಂಟು. ಕ್ಯಾರಲ್ ನೋಡಿದ್ದಾಳೆ."

"ದೇವರಾಣೆ ಪಪ್ಪ..."

"ಗೊತ್ತುಂಟು ಅಂದೆನಲ್ಲ. ಊಟ ಆಯ್ತಾ?"

"ಇಲ್ಲ."

"ಫ್ರೀಜರಲ್ಲಿ ಉಂಟು. ಬಿಸಿ ಮಾಡ್ಕೊ."

ಬಟ್ಟೆ ಒಗೆಯುವ ಕೋಣೆಯಲ್ಲಿ ಉದ್ದನೆಯ ಫ್ರೀಜರಿತ್ತು. ಆಲ್ರಾಯ್ ಅದರ ಮುಚ್ಚಳ ಎತ್ತಿದ. ಬಾಯಿಯವರೆಗೂ ಐಸ್‌ಕ್ರೀಮ್ ಡಬ್ಬಿಗಳು.

"ಇಷ್ಟೆಲ್ಲ ಯಾರಿಗೆ ಮಾಡಿಟ್ಟದ್ದು?"

ಪಕ್ಕದ ಅಡುಗೆಮನೆಯ ಸಿಂಕಿನಲ್ಲಿ ಕಾಫಿ ಕಪ್ಪು ತೊಳೆಯುತ್ತಿದ್ದ ಕ್ಯಾರಲ್ ತಿರುಗಲಿಲ್ಲ. "ನಿಮಗೇ. ರಜೆಯ ದಿನ ಅಲ್ಲಿ ಗಾಳಿ ಇಲ್ಲ ಅಂತ ಕಂಡ್ರೆ ಮಾತ್ರ ಮಾಡ್ತಿದ್ರು."

ನಲ್ಲಿ ಸುರಿಯುತ್ತಲೇ ಇತ್ತು. ಆಲ್ರಾಯ್ ಮೇಲಿನ ಡಬ್ಬಿಗೆ ಕೈ ಹಾಕಿ ಎಳೆದ. ಅದು ಕೆಳಗಿನದಕ್ಕೆ, ಕೆಳಗಿನದು ಅದರ ಕೆಳಗಿನದಕ್ಕೆ ಹಿಮಗಟ್ಟಿ ಕಚ್ಚಿಕೊಂಡಿತ್ತು. ಎರಡೂ ಕೈಯಲ್ಲಿ ಎಳೆದ. ಫ್ರೀಜರೇ ಗೋಡೆ ಬಿಟ್ಟು ಒಂದಿಷ್ಟು ಸರಿಯಿತು. ಡಬ್ಬಿ ಬರಲಿಲ್ಲ.