ಮೊದಲನೇ ತೂತಿನ ಗಾಳಿ

ತಂದೆಯ ಶವ ಹೊತ್ತ ಜನಾಜಾ ಹೊರಡಿಸಲು ಜಾಗ ಸಾಲದೆಂದು ಅಫ್ಜಲ್, ಅವರು ಮಾಡಿಟ್ಟಿದ್ದ ತಗಡಿನ ಪೆಟ್ಟಿಗೆಯನ್ನು ಅಂಗಳದ ಮೂಲೆಗೆ ಎಳೆಯುತ್ತಿದ್ದ. ಮಂಚದಷ್ಟು ಉದ್ದ, ಗೇಣಿನಷ್ಟು ಎತ್ತರ. ಒಂದು ತುದಿಗೆ ಫ್ಯಾನು, ಮೇಲೆ ಸಾಲಾಗಿ ಹನ್ನೆರಡು ತೂತು.

“ಇದೇನಪ್ಪಾ, ಪಾರಿವಾಳದ ಗೂಡಾ?” ಕೈಜೋಡಿಸಿದ ಪಕ್ಕದಂಗಡಿಯ ಕೆಂಪಪ್ಪ ಕೇಳಿದ.

“ಯಾರಿಗ್ಗೊತ್ತು ಕಾಕಾ. ಆರು ತಿಂಗ್ಳಿಂದ ಅಬ್ಬಾ ಇದ್ರ ಮುಂದೇ ಕೂತಿರ್ತಿದ್ರು.”

ಶಿಕಾರಿಪುರದ ಪೇಟೆಯಲ್ಲಿ ನಲವತ್ತು ವರ್ಷ ತಗಡಿನ ಕೆಲಸ ಮಾಡಿದ ಅಮೀರ್ ಜಾನ್ ಬೆಳಗ್ಗೆ ತೀರಿಕೊಂಡಿದ್ದರು.

“ಹೊಗೆ ಬಿಟ್ಕೊಂಡು ನೋಡ್ತಿದ್ರು,” ಎಂದರು ಹೆಂಡತಿ ಚಾಂದ್ ಬೀ. “ತಲೆ ಕೆಟ್ಟಿದೆ ನಿಮ್ಗೆ ಅಂತ ಹೋದ ವಾರ ಬೈದೆ. ನಕ್ರು ಅಷ್ಟೇ.”

“ತಲೆ ಕೆಟ್ಟಿರ್ಲಿಲ್ಲ ಚಾಚಿ.” ಆಗತಾನೇ ಒಳಬಂದ ಶರಣ್ಯ ಹೇಳಿದಳು. ಹತ್ತಿರದ ತೊಗರ್ಸಿಯವಳು, ನೂರಾರು ಕಂಪ್ಯೂಟರುಗಳು ಹಗಲಿರುಳು ಓಡುವ ಶಿವಮೊಗ್ಗದ ಡೇಟಾ ಕೇಂದ್ರವೊಂದರಲ್ಲಿ ಎಂಜಿನಿಯರ್. “ಅದನ್ನ ಮಾಡಿಸಿದ್ದು ನಾನು.”

* * *

ಆರು ತಿಂಗಳ ಹಿಂದೆ ಅವಳು ಲ್ಯಾಪ್‌ಟಾಪ್ ಹಿಡಿದು ಅಂಗಡಿಗೆ ಬಂದಿದ್ದಳು.

“ನಮ್ಮಲ್ಲಿ ನೆಲದ ಮೇಲೆ ಎರಡಡಿ ಬಿಟ್ಟು ಇನ್ನೊಂದು ನೆಲ ಹಾಕಿದಾರೆ ಚಾಚಾ. ನಡುವೆ ಒಂದು ತುದಿಯಿಂದ ಫ್ಯಾನ್ ಹಾಕಿ ತಣ್ಣನೆ ಗಾಳಿ ಬಿಡ್ತೀವಿ. ಅದು ಮೇಲಿನ ನೆಲದ ತೂತುಗಳಿಂದ ಹೊರಬಂದು ಕಂಪ್ಯೂಟರ್ ತಣ್ಣಗಿಡ್ಬೇಕು. ಆದ್ರೆ ಫ್ಯಾನಿನ ಪಕ್ಕದ ಕಂಪ್ಯೂಟರೇ ಜಾಸ್ತಿ ಕಾಯ್ತಿದೆ. ಅಲ್ಲಿ ಗಾಳಿ ಮೇಲೆ ಬರದೆ ಕೆಳಗೆ ಹೋಗ್ತಿದೆ ಅನ್ನುತ್ತೆ ನನ್ನ ಲೆಕ್ಕ. ಸಾಹೇಬ್ರು ನಂಬ್ತಿಲ್ಲ. ಅಂಥದ್ದೇ ಒಂದು ಚಿಕ್ಕ ಪೆಟ್ಟಿಗೆ ಮಾಡ್ಕೊಡಿ, ತೋರಿಸ್ತೀನಿ.”

ನಾಲ್ಕೇ ದಿನಕ್ಕೆ ಪೆಟ್ಟಿಗೆ ಸಿದ್ಧವಾಯಿತು. ಫ್ಯಾನು ಹಾಕಿ, ಅದಕ್ಕೆ ಹತ್ತಿರದ ಮೊದಲನೇ ತೂತಿನ ಬಳಿ ಊದಿನಕಡ್ಡಿ ಹಿಡಿದರೆ ಹೊಗೆ ಬಾಗಿ ಒಳಗೆ ಜಾರಿತು. ಅಮೀರ್ ಜಾನ್ ಕನ್ನಡಕ ಒರೆಸಿಕೊಂಡು ಮೂರು ಸಲ ನೋಡಿದರು.

“ಊದೋ ಕಡೆನೇ ಹೀರ್ತದಲ್ಲಮ್ಮ! ಯಾಕೆ?”

“ಅಲ್ಲಿ ಗಾಳಿ ಜೋರಾಗಿ ಓಡ್ತಿರುತ್ತೆ. ಮೇಲಿನ ಗಾಳೀನೂ ಎಳ್ಕೊಂಡೇ ಓಡುತ್ತೆ.”

“ಬಸ್ಸು ಹೋಗ್ತಾ ರಸ್ತೆ ಮೇಲಿನ ಕಾಗ್ದ ಎಳ್ಕೊಂಡು ಹೋಗ್ತದಲ್ಲ, ಹಂಗೆ.”

“ಹಂಗೇ ಚಾಚಾ.”

ಹೊಗೆಯ ವಿಡಿಯೊ ನೋಡಿ ಸಾಹೇಬರು ನಂಬಿದರು, ಫ್ಯಾನಿನ ಬಳಿಯಿದ್ದ ಕಂಪ್ಯೂಟರುಗಳನ್ನು ಬೇರೆಡೆಗೆ ಸರಿಸಿದರು. ಶರಣ್ಯಳ ಕೆಲಸ ಮುಗಿಯಿತು. ಅಮೀರ್ ಜಾನರದು ಮುಗಿಯಲಿಲ್ಲ. ಓಡುವ ಗಾಳಿಯನ್ನು ತಡೆದು ನಿಲ್ಲಿಸುವುದು ಹೇಗೆ? ಪೆಟ್ಟಿಗೆಯೊಳಗೆ ತಗಡು ನಿಲ್ಲಿಸಿದರು, ಓರೆಯಾಗಿಸಿದರು, ಕಿತ್ತು ಮತ್ತೆ ಹಾಕಿದರು. ಮೊನ್ನೆ ಫೋನು ಮಾಡಿದ್ದರು: “ಮೊದಲ್ನೇ ತೂತೂ ಊದ್ತದಮ್ಮ. ಬಂದು ನೋಡು.”

“ಭಾನುವಾರ ಬರ್ತೀನಿ,” ಎಂದಿದ್ದಳು.

* * *

ಇವತ್ತು ಶನಿವಾರ. ಗಂಡಸರು ಜನಾಜಾ ಹೊತ್ತು ಖಬರಸ್ತಾನಕ್ಕೆ ಹೋದ ಮೇಲೆ ಶರಣ್ಯ ಪೆಟ್ಟಿಗೆಯ ಪಕ್ಕ ಕೂತಳು.

“ಕರೆದಾಗ್ಲೇ ಬರ್ಬೇಕಿತ್ತು ಚಾಚಿ.”

“ನಾನು ಮನೇಲೇ ಇದ್ದೆ. ನಾನೂ ನೋಡ್ಲಿಲ್ಲ.” ಚಾಂದ್ ಬೀ ಸೊಸೆಯನ್ನು ಕರೆದರು. “ರುಕ್ಸಾನಾ, ಇದ್ರ ಫ್ಯಾನ್ ಹಾಕು.”

ಶರಣ್ಯ ಊದಿನಕಡ್ಡಿ ಹಿಡಿದಳು. ಹೊಗೆ ಒಮ್ಮೆ ತಡವರಿಸಿ, ನೆಟ್ಟಗೆ ಮೇಲೆದ್ದಿತು. ಅವಳು ಬಗ್ಗಿ ಒಳಗೆ ಇಣುಕಿದಳು. ಫ್ಯಾನಿನ ಮುಂದೆ ಓರೆಯಾಗಿ ನಿಲ್ಲಿಸಿದ ತಗಡು. ಅದರ ತುಂಬ ಮೊಳೆಯಿಂದ ಹೊಡೆದ ನೂರಾರು ಸಣ್ಣ ರಂಧ್ರ. ಓಡುವ ಗಾಳಿ ಅವುಗಳಲ್ಲಿ ಸೋಸಿ ನಿಧಾನವಾಗುತ್ತಿತ್ತು. ಚಾಂದ್ ಬೀ ಆ ಹೊಗೆಯನ್ನೇ ನೋಡುತ್ತ ಕೂತರು.

ಮಣ್ಣು ಕೊಟ್ಟು ಮರಳಿದ ಅಫ್ಜಲ್ ಇವರನ್ನು ಕಂಡು ಬಾಗಿಲಲ್ಲೇ ನಿಂತ.

“ಕೈ ತೊಳ್ಕೊಂಡು ಬಾ,” ಎಂದರು ತಾಯಿ. “ಒರೆಸ್ಬೇಡ.”

ಬಂದವನ ಕೈಯನ್ನು ಎಳೆದು ಮೊದಲನೇ ತೂತಿನ ಮೇಲೆ ಹಿಡಿದರು. ಒದ್ದೆ ಅಂಗೈ ನಡುವಿನಿಂದ ತಣ್ಣಗಾಗುತ್ತ ಬೆರಳ ತುದಿವರೆಗೂ ತಣ್ಣಗಾಯಿತು. ನೀರು ಆರಿದ ಮೇಲೂ ಅವನು ಕೈ ತೆಗೆಯಲಿಲ್ಲ.